ಬ್ಲಾಗ್ ತೆರೆಯುವ ಮುನ್ನ: ನಿಮ್ಮ ಬರವಣಿಗೆಗೆ ಯಾವ ಮನೆ ತಕ್ಕುದು?

ನಮ್ಮ ಮನೆತನಗಳಲ್ಲಿ ಬರೆಯುವ ಕೈಗಳಿಗೆ ಎಂದೂ ಬರವಿರಲಿಲ್ಲ. ಮಾಸ್ತರಿಕೆಯಿಂದ ನಿವೃತ್ತರಾಗಿ ಊರಿನ ಇತಿಹಾಸವನ್ನು ನೋಟುಪುಸ್ತಕಗಳಲ್ಲಿ ತುಂಬಿಸಿದ ಹಿರಿಯರಿದ್ದಾರೆ. ಅಂಗಡಿಯ ಖಾತೆಪುಸ್ತಕದ ಕೊನೆಯ ಹಾಳೆಗಳಲ್ಲಿ ಬರಗಾಲದ ವರ್ಷಗಳ ನೆನಪುಗಳನ್ನು ಗುರುತು ಹಾಕಿಕೊಂಡ ಯಜಮಾನರಿದ್ದಾರೆ. ಹಬ್ಬದ ಹೋಳಿಗೆಯ ಅಳತೆಯಿಂದ ಹಿಡಿದು ಬಾಣಂತಿಯ ಆರೈಕೆಯವರೆಗೆ ತಿಳಿದದ್ದನ್ನೆಲ್ಲ ಬರೆದಿಟ್ಟ ತಾಯಂದಿರಿದ್ದಾರೆ. ಈ ಬರಹಗಳ ಬಹುಪಾಲು ಗೆದ್ದಲಿನ ಪಾಲಾದುದು ಅಥವಾ ಮನೆ ಬದಲಿಸುವಾಗ ರದ್ದಿಯೊಡನೆ ಹೋದುದು ನಮ್ಮೆಲ್ಲರಿಗೂ ತಿಳಿದ ಸಂಗತಿಯೇ ಆಗಿದೆ.

ಇಂದಿನ ದಿನಮಾನಗಳಲ್ಲಿ ಮೊಮ್ಮಕ್ಕಳು ಆ ಪುಸ್ತಕಗಳನ್ನು ಕೈಗೆತ್ತಿಕೊಂಡು, "ಅಜ್ಜಾ, ಇದನ್ನೆಲ್ಲ ಬ್ಲಾಗಿನಲ್ಲಿ ಹಾಕೋಣ" ಎನ್ನುತ್ತಿದ್ದಾರೆ. ಬಹಳ ಒಳ್ಳೆಯ ಮಾತು. ಆದರೆ ಅದರ ಬೆನ್ನಿಗೇ ಏಳುವ ಪ್ರಶ್ನೆಯೊಂದಿದೆ: ಯಾವ ಬ್ಲಾಗು? ಅಂತರಜಾಲದಲ್ಲಿ ಬರೆಯಲು ಜಾಗ ಕೊಡುವ ವೇದಿಕೆಗಳು ಒಂದೆರಡಲ್ಲ. ಪ್ರತಿಯೊಂದೂ ತಾನೇ ಸುಲಭ, ತಾನೇ ಉಚಿತ ಎಂದು ಸಾರುತ್ತದೆ. ಹೊಸಬರು ಗೊಂದಲಕ್ಕೆ ಬೀಳುವುದು ಸಹಜ. ಈ ವಿಷಯದಲ್ಲಿ ನಮಗೆ ತಿಳಿದ ಮಾಹಿತಿಯನ್ನೂ ನಮ್ಮ ಅಭಿಪ್ರಾಯವನ್ನೂ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬ್ಲಾಗ್ ಎಂಬ ಶಬ್ದದ ಹುಟ್ಟು ಸ್ವಾರಸ್ಯಕರವಾಗಿದೆ. ಅಮೆರಿಕದ ಜಾರ್ನ್ ಬಾರ್ಜರ್ ಎಂಬುವರು 1997ರ ಡಿಸೆಂಬರಿನಲ್ಲಿ ತಮ್ಮ ಅಂತರಜಾಲದ ದಿನಚರಿಗೆ 'ವೆಬ್‌ಲಾಗ್' ಎಂಬ ಹೆಸರನ್ನು ಬಳಸಿದರು. ಜಾಲದಲ್ಲಿಟ್ಟ ದಿನಚರಿ ಎಂಬುದು ಅದರ ಅರ್ಥ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಎಂಬುವರು ವಿನೋದಕ್ಕಾಗಿ ಆ ಪದವನ್ನು ಬೇರೆ ರೀತಿಯಲ್ಲಿ ಒಡೆದು 'ವೀ ಬ್ಲಾಗ್', ಎಂದರೆ 'ನಾವು ಬ್ಲಾಗಿಸುತ್ತೇವೆ' ಎಂದು ಬರೆದರು. ವಿನೋದದ ಪದವೇ ನಿಂತಿತು. ಹೊಸ ಬರಹ ಮೇಲೆ, ಹಳೆಯದು ಕೆಳಗೆ, ಪ್ರತಿಯೊಂದಕ್ಕೂ ತಾರೀಖು ಮತ್ತು ತನ್ನದೇ ಆದ ಒಂದು ವಿಳಾಸ. ಬ್ಲಾಗಿನ ಲಕ್ಷಣ ಇಷ್ಟೇ. ವಾಟ್ಸಾಪಿನಲ್ಲಿ ಹಂಚಿದ ಬರಹಕ್ಕೂ ಇದಕ್ಕೂ ಇರುವ ಭೇದವು ಆ ವಿಳಾಸದಲ್ಲಿಯೇ ಅಡಗಿದೆ. ವಾಟ್ಸಾಪಿನ ಬರಹವು ನಾಳೆ ಯಾರ ಕೈಗೂ ಸಿಕ್ಕದು. ವಿಳಾಸವುಳ್ಳ ಬರಹವನ್ನು ಹತ್ತು ವರ್ಷಗಳ ನಂತರವೂ ಹುಡುಕಿ ಓದಬಹುದು, ಆ ವಿಳಾಸವು ಉಳಿದಿದ್ದರೆ.

ಈ ಕೊನೆಯ ಮಾತನ್ನು ಓದುಗರು ಗಮನವಿಟ್ಟು ನೋಡಬೇಕು. ಹೊಸಬರು ವೇದಿಕೆಯನ್ನು ಆರಿಸುವಾಗ ಬಣ್ಣ, ವಿನ್ಯಾಸ, ಅಕ್ಷರಗಳ ಅಂದಚೆಂದ ನೋಡುತ್ತಾರೆ. ನೋಡಬೇಕಾದದ್ದು ಬೇರೆಯೇ ಇದೆ. ಈ ಮನೆ ಎಷ್ಟು ಕಾಲ ನಿಂತೀತು? ಮಾಲೀಕನು ಬಾಗಿಲು ಮುಚ್ಚಿದರೆ ನಮ್ಮ ಸಾಮಾನುಗಳನ್ನು ಹೊರಗೆ ತರಲು ದಾರಿಯುಂಟೆ? ಎಂಬ ಪ್ರಶ್ನೆಗಳೇ ಮೊದಲಿನವು.

ಬಾಗಿಲು ಮುಚ್ಚಿದವರು

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಜಿಯೋಸಿಟೀಸ್ ಎಂಬ ತಾಣವು ಒಂದು ಕಾಲಕ್ಕೆ ಸಾಮಾನ್ಯ ಜನರು ಅಂತರಜಾಲದಲ್ಲಿ ಪುಟ ಕಟ್ಟಿಕೊಳ್ಳುವ ಬಹು ದೊಡ್ಡ ಊರಾಗಿತ್ತು. ಯಾಹೂ ಸಂಸ್ಥೆಯು 1999ರಲ್ಲಿ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಲೈವ್ ಸ್ಪೇಸಸ್ 2011ರಲ್ಲಿ ಮುಚ್ಚಿತು. ಪೋಸ್ಟರಸ್ 2013ರ ಏಪ್ರಿಲ್ ಕೊನೆಗೆ ಮುಚ್ಚಿತು. ನಮ್ಮ ದೇಶದ ತರುಣರು ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಹೋಯಿತು. ಇಪ್ಪತ್ತು ವರ್ಷಗಳಿಗೂ ಮೀರಿ ನಡೆದು ಬಂದ, ಹಣ ಕೊಟ್ಟವರಿಗೆ ಮಾತ್ರ ಜಾಗ ಕೊಡುತ್ತಿದ್ದ ಟೈಪ್‌ಪ್ಯಾಡ್ ಸಹ 2025ರ ಸೆಪ್ಟೆಂಬರ್ 30ರಂದು ಬಾಗಿಲೆಳೆದುಕೊಂಡಿತು. ಹಣ ಕೊಟ್ಟ ಮಾತ್ರಕ್ಕೆ ಶಾಶ್ವತವೆಂದಾಗಲಿ, ಸಂಸ್ಥೆ ದೊಡ್ಡದೆಂದ ಮಾತ್ರಕ್ಕೆ ಭದ್ರವೆಂದಾಗಲಿ ತಿಳಿಯಲಾಗದು.

ಇವುಗಳಲ್ಲಿ ವಿಂಡೋಸ್ ಲೈವ್ ಸ್ಪೇಸಸ್‌ನವರು ಒಂದು ಸತ್ಕಾರ್ಯ ಮಾಡಿದರು. ಮುಚ್ಚುವ ಮೊದಲೇ, 2010ರಲ್ಲಿ, ಬರೆಯುವವರು ತಮ್ಮ ಬರಹಗಳನ್ನು ಹಾಗೆಯೇ ವರ್ಡ್‌ಪ್ರೆಸ್ ಡಾಟ್ ಕಾಮ್‌ಗೆ ಸಾಗಿಸಿಕೊಳ್ಳಲು ಅನುಕೂಲ ಮಾಡಿಕೊಟ್ಟರು. ಎಲ್ಲರೂ ಇಷ್ಟು ಸೌಜನ್ಯ ತೋರುವರೆಂದು ನಂಬಿ ಕೂಡುವುದು ಜಾಣತನವಲ್ಲ.

ಬ್ಲಾಗರ್

ಹೊಸಬರಿಗೆ ನಾವು ಮೊದಲು ತೋರಿಸುವ ಬಾಗಿಲು ಬ್ಲಾಗರ್. ಪೈರಾ ಲ್ಯಾಬ್ಸ್ ಎಂಬ ಚಿಕ್ಕ ಸಂಸ್ಥೆಯು 1999ರ ಆಗಸ್ಟಿನಲ್ಲಿ ಇದನ್ನು ಆರಂಭಿಸಿತು. ಗೂಗಲ್ ಸಂಸ್ಥೆಯು 2003ರಲ್ಲಿ ಕೊಂಡುಕೊಂಡಿತು. ಗೂಗಲ್‌ನವರು ಎಷ್ಟೋ ಸೇವೆಗಳನ್ನು ತೆರೆದು ಮುಚ್ಚಿದ್ದಾರೆ, ಆದರೂ ಇದು ಕಾಲು ಶತಮಾನ ದಾಟಿ ಇಂದಿಗೂ ನಡೆಯುತ್ತಿದೆ. ಜಿಮೇಲ್ ಖಾತೆಯಿದ್ದವರಿಗೆ ಬೇರೆ ನೋಂದಣಿ ಬೇಕಿಲ್ಲ. ಹೆಸರೊಂದನ್ನು ಆರಿಸಿ, ವಿಳಾಸವೊಂದನ್ನು ಕೊಟ್ಟು, ವಿನ್ಯಾಸವೊಂದನ್ನು ಒತ್ತಿದರೆ ಹತ್ತು ನಿಮಿಷದಲ್ಲಿ ಬರೆಯಲು ಕುಳಿತುಕೊಳ್ಳಬಹುದು. ವಿಳಾಸದ ಕೊನೆಗೆ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ಎಂದಿರುತ್ತದೆ. ಹಣ ಕೇಳುವುದಿಲ್ಲ. ನೀವಾಗಿ ಹಾಕಿಕೊಂಡ ಹೊರತು ನಿಮ್ಮ ಪುಟದಲ್ಲಿ ಜಾಹೀರಾತುಗಳೂ ಇರುವುದಿಲ್ಲ. ನಿಯಂತ್ರಣ ಫಲಕದ ಸೂಚನೆಗಳನ್ನು ಕನ್ನಡದಲ್ಲಿಯೇ ಇರಿಸಿಕೊಳ್ಳಬಹುದಾದ್ದರಿಂದ ಇಂಗ್ಲಿಷ್ ಬಾರದ ಹಿರಿಯರಿಗೂ ತೊಡಕಿಲ್ಲ.

ಕುಟುಂಬಗಳಿಗೆ ಇದರಲ್ಲಿ ವಿಶೇಷವಾದ ಎರಡು ಅನುಕೂಲಗಳಿವೆ. ಒಂದೇ ಬ್ಲಾಗಿನಲ್ಲಿ ಮನೆಯ ಹಲವರು ತಮ್ಮ ತಮ್ಮ ಖಾತೆಗಳಿಂದ ಬರೆಯಬಹುದು. ಬೆಳಗಾವಿಯ ಅಜ್ಜಿ, ಬೆಂಗಳೂರಿನ ಸೊಸೆ, ವಿದೇಶದಲ್ಲಿರುವ ಮೊಮ್ಮಗ, ಎಲ್ಲರ ಬರಹಗಳೂ ಒಂದೇ ಅಂಗಳದಲ್ಲಿ ಕೂಡುತ್ತವೆ. ಇನ್ನು, ಮನೆತನದ ವಂಶಾವಳಿ, ಮದುವೆಯ ನೆನಪುಗಳು ಇಂಥವನ್ನು ಲೋಕಕ್ಕೆಲ್ಲ ತೋರಿಸುವ ಮನಸ್ಸಿಲ್ಲದವರು, ತಾವು ಹೆಸರಿಸಿದವರಷ್ಟೇ ಓದುವಂತೆ ಬ್ಲಾಗನ್ನು ಖಾಸಗಿಯಾಗಿ ಇರಿಸಬಹುದು.

ಕೊರತೆಗಳಿಲ್ಲವೆಂದಲ್ಲ. ಬ್ಲಾಗರ್‌ನ ವಿನ್ಯಾಸಗಳು ಕೈಬೆರಳೆಣಿಕೆಯಷ್ಟು. ಹೊಸ ಸೌಲಭ್ಯಗಳು ಅಪರೂಪಕ್ಕೆ ಬರುತ್ತವೆ. ಗೂಗಲ್‌ಗೆ ಇದು ಮುದ್ದಿನ ಮಗುವಾಗಿ ಉಳಿದಿಲ್ಲ ಎಂಬುದು ಮೇಲುನೋಟಕ್ಕೇ ಕಾಣುತ್ತದೆ. ಆದರೆ ನಮ್ಮ ಅಭಿಪ್ರಾಯದಲ್ಲಿ, ಬರೆಯಲು ಕುಳಿತವರಿಗೆ ಕಡಿಮೆ ಗುಂಡಿಗಳಿರುವುದೇ ಒಂದು ಉಪಕಾರ. ವಿನ್ಯಾಸ ಬದಲಿಸುತ್ತ ಮೂರು ತಿಂಗಳು ಕಳೆದು ಒಂದು ಪುಟವನ್ನೂ ಬರೆಯದವರನ್ನು ನಾವು ಕಂಡಿದ್ದೇವೆ.

ವರ್ಡ್‌ಪ್ರೆಸ್: ಹೆಸರೊಂದು, ಮನೆ ಎರಡು

ಎರಡನೆಯ ಬಾಗಿಲು ವರ್ಡ್‌ಪ್ರೆಸ್. ಇಲ್ಲಿ ಹೊಸಬರು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾರೆ. ಏಕೆಂದರೆ ಈ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ.

ಮೂಲದಲ್ಲಿ ವರ್ಡ್‌ಪ್ರೆಸ್ ಎಂಬುದು ಒಂದು ತಂತ್ರಾಂಶ. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬ ಇಬ್ಬರು, ನಿಂತುಹೋಗಿದ್ದ ಮತ್ತೊಂದು ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು, 2003ರ ಮೇ 27ರಂದು ಇದನ್ನು ಬಿಡುಗಡೆ ಮಾಡಿದರು. ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು ಎಂಬ ಮುಕ್ತ ಪರವಾನಗಿಯಲ್ಲಿ ಅದು ದೊರೆಯುತ್ತದೆ. ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಇದರ ಮೇಲೆ ನಿಂತಿವೆ. ಅದನ್ನು ವರ್ಡ್‌ಪ್ರೆಸ್ ಡಾಟ್ ಆರ್ಗ್ ಎಂಬಲ್ಲಿಂದ ಪಡೆದು, ಬೇರೊಂದು ಸಂಸ್ಥೆಯಿಂದ ಬಾಡಿಗೆಗೆ ಪಡೆದ ಕಂಪ್ಯೂಟರ್ ಜಾಗದಲ್ಲಿ ನಾವೇ ಸ್ಥಾಪಿಸಿಕೊಳ್ಳಬೇಕು. ಈ ಬಾಡಿಗೆ ಜಾಗಕ್ಕೆ ಹೋಸ್ಟಿಂಗ್ ಎನ್ನುತ್ತಾರೆ.

ಮತ್ತೊಂದು ವರ್ಡ್‌ಪ್ರೆಸ್ ಡಾಟ್ ಕಾಮ್. ಇದು ಮುಲ್ಲೆನ್‌ವೆಗ್ ಅವರೇ 2005ರಲ್ಲಿ ಕಟ್ಟಿದ ಆಟೋಮ್ಯಾಟಿಕ್ ಎಂಬ ಸಂಸ್ಥೆಯ ಸೇವೆ. ಇಲ್ಲಿ ಎಲ್ಲವೂ ಸಿದ್ಧವಾಗಿರುತ್ತದೆ. ನಾವು ಖಾತೆ ತೆರೆದು ಬರೆದರಾಯಿತು. ಉಚಿತ ಖಾತೆಯೂ ಉಂಟು. ಆದರೆ ಉಚಿತ ಖಾತೆಯ ಪುಟಗಳಲ್ಲಿ ಸಂಸ್ಥೆಯವರು ತಮ್ಮ ಜಾಹೀರಾತುಗಳನ್ನು ತೋರಿಸುತ್ತಾರೆ, ಅದರಿಂದ ನಿಮಗೆ ಕಾಸೂ ಬರುವುದಿಲ್ಲ. ಭಕ್ತಿಯ ಬರಹದ ನಡುವೆ ಯಾವ ಜಾಹೀರಾತು ಬಂದು ಕುಳಿತೀತು ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಇದು ಕೆಲವರಿಗೆ ಸಣ್ಣ ವಿಷಯ, ನಮ್ಮ ಓದುಗರಲ್ಲಿ ಹಲವರಿಗೆ ಸಣ್ಣದಲ್ಲ.

ಡಾಟ್ ಕಾಮ್‌ನಲ್ಲಿ ವಿನ್ಯಾಸಗಳು ಹೆಚ್ಚು, ಚೆಲುವೂ ಹೆಚ್ಚು. ಸಂಘ ಸಂಸ್ಥೆಗಳಿಗೆ ಹೊಂದುವ ಒಂದು ಒಳ್ಳೆಯ ಏರ್ಪಾಡೆಂದರೆ ಬರೆಯುವವರಿಗೆ ಬೇರೆ ಬೇರೆ ಅಧಿಕಾರ ಕೊಡುವುದು. ಒಬ್ಬರು ಬರೆದಿಡಬಹುದು, ಆದರೆ ಪ್ರಕಟಿಸಲಾರರು. ಸಂಪಾದಕರ ಸ್ಥಾನದಲ್ಲಿರುವವರು ನೋಡಿ ತಿದ್ದಿದ ಮೇಲೆಯೇ ಅದು ಹೊರಗೆ ಬರುತ್ತದೆ. ಊರಿನ ಮಹಿಳಾ ಮಂಡಳದವರೋ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳೋ ಒಟ್ಟಾಗಿ ಬ್ಲಾಗ್ ನಡೆಸುವುದಾದರೆ ಈ ಏರ್ಪಾಡು ಅನೇಕ ಮನಸ್ತಾಪಗಳನ್ನು ತಪ್ಪಿಸುತ್ತದೆ.

ಇನ್ನು ಸ್ವಂತ ಹೋಸ್ಟಿಂಗ್ ಮಾಡಿಕೊಂಡು ವರ್ಡ್‌ಪ್ರೆಸ್ ಸ್ಥಾಪಿಸಿಕೊಳ್ಳುವ ವಿಚಾರ. ಇದರಲ್ಲಿ ಸ್ವಾತಂತ್ರ್ಯ ಪೂರ್ಣವಾಗಿದೆ, ಹೊಣೆಯೂ ಪೂರ್ಣವಾಗಿದೆ. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಕಳ್ಳರು ಒಳನುಗ್ಗುತ್ತಾರೆ. ಹೋಸ್ಟಿಂಗ್ ಸಂಸ್ಥೆಗಳು ಮೊದಲ ವರ್ಷಕ್ಕೆ ಬಹಳ ಅಗ್ಗದ ದರ ತೋರಿಸಿ, ನವೀಕರಣದ ವೇಳೆಗೆ ಅದರ ಎರಡು ಮೂರು ಪಟ್ಟು ಕೇಳುವುದು ಈ ವ್ಯಾಪಾರದ ವಾಡಿಕೆ. ಆದ್ದರಿಂದ ಮೊದಲ ವರ್ಷದ ದರಕ್ಕೆ ಮಾರುಹೋಗದೆ ನವೀಕರಣದ ದರವನ್ನು ಕೇಳಿ ತಿಳಿಯಬೇಕು.

ಸ್ವಂತದ್ದೇ ಬೇಕು ಎಂಬ ಹಟಕ್ಕೆ ಒಂದು ದೊಡ್ಡ ಪರಂಪರೆಯಿದೆ. ಫ.ಗು. ಹಳಕಟ್ಟಿಯವರು ಪರರ ಮುದ್ರಣಾಲಯಗಳನ್ನು ಅವಲಂಬಿಸಿ ಸಾಕಾಗಿ, 1925ರಲ್ಲಿ ವಿಜಾಪುರದಲ್ಲಿ 'ಹಿತಚಿಂತಕ' ಎಂಬ ತಮ್ಮದೇ ಮುದ್ರಣಾಲಯವನ್ನು ಹಾಕಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂಬುದು ಪ್ರಸಿದ್ಧವಾಗಿದೆ. ಮರುವರ್ಷವೇ 'ಶಿವಾನುಭವ' ಪತ್ರಿಕೆ ಹೊರಬಂದಿತು. ಆದರೆ ಅವರು ಮುದ್ರಣಾಲಯ ಹಾಕುವ ಹೊತ್ತಿಗೆ ಅವರ ಬಳಿ ವರ್ಷಗಟ್ಟಲೆ ಊರೂರು ಅಲೆದು ಸಂಗ್ರಹಿಸಿದ ಓಲೆಗರಿಗಳ ರಾಶಿಯಿತ್ತು. ಇನ್ನೂ ಎರಡು ಲೇಖನ ಬರೆಯದವರಿಗೆ ಸ್ವಂತ ಹೋಸ್ಟಿಂಗ್ ಅವಸರವಿಲ್ಲ. ಐವತ್ತು ಬರಹಗಳಾದ ಮೇಲೆ ಆ ಯೋಚನೆ ಮಾಡಿದರೂ ತಡವಾಗದು.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಬ್ಲಾಗರ್‌ನಲ್ಲಿ ಬರೆದುದನ್ನು ವರ್ಡ್‌ಪ್ರೆಸ್‌ಗೆ ಸಾಗಿಸುವ ದಾರಿ ಸಿದ್ಧವಾಗಿದೆ. ಅದಕ್ಕೆಂದೇ ಸಾಧನವನ್ನು ವರ್ಡ್‌ಪ್ರೆಸ್‌ನವರು ಇಟ್ಟಿದ್ದಾರೆ. ವರ್ಡ್‌ಪ್ರೆಸ್‌ನಿಂದ ಬ್ಲಾಗರ್‌ಗೆ ಬರುವ ದಾರಿ ಅಷ್ಟು ನೇರವಾಗಿಲ್ಲ. ಬ್ಲಾಗರ್‌ನಲ್ಲಿ ಆರಂಭಿಸಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಉಳಿದ ವೇದಿಕೆಗಳು

ಬ್ಲಾಗರ್ ಕಟ್ಟಿದವರಲ್ಲೊಬ್ಬರಾದ ಇವಾನ್ ವಿಲಿಯಮ್ಸ್ ಅವರೇ ಮುಂದೆ ಟ್ವಿಟರ್ ಸ್ಥಾಪಕರಲ್ಲೊಬ್ಬರಾಗಿ, 2012ರಲ್ಲಿ ಮೀಡಿಯಮ್ ಎಂಬ ವೇದಿಕೆಯನ್ನು ತೆರೆದರು. ಅಚ್ಚುಕಟ್ಟಾದ ಪುಟ, ಓದಲು ಹಿತ. ಆದರೆ ಅದು ಮುಖ್ಯವಾಗಿ ಇಂಗ್ಲಿಷ್ ಓದುಗರ ಸಂತೆ. ಕನ್ನಡದ ಬರಹಕ್ಕೆ ಅಲ್ಲಿ ಗಿರಾಕಿಗಳು ವಿರಳ. 2017ರಲ್ಲಿ ಆರಂಭವಾದ ಸಬ್‌ಸ್ಟ್ಯಾಕ್ ಎಂಬುದು ಬರಹವನ್ನು ಇಮೇಲ್ ಮೂಲಕ ಚಂದಾದಾರರ ಪೆಟ್ಟಿಗೆಗೇ ಮುಟ್ಟಿಸುತ್ತದೆ. ಚಂದಾ ಹಣ ಪಡೆದರೆ ಅದರಲ್ಲಿ ಶೇಕಡಾ 10 ಸಂಸ್ಥೆಗೆ ಸಲ್ಲುತ್ತದೆ. ದಿನಾಲೂ ಇಮೇಲ್ ನೋಡುವ ಪಟ್ಟಣದ ಓದುಗರಿಗಾಗಿ ಬರೆಯುವವರು ಇದನ್ನು ಪರಿಶೀಲಿಸಬಹುದು. ನಮ್ಮ ಹಳ್ಳಿಗಳ ಓದುಗರು ಮೊಬೈಲಿನಲ್ಲಿ ಕೊಂಡಿ ಒತ್ತಿ ಓದುವವರು, ಇಮೇಲ್ ಪೆಟ್ಟಿಗೆ ತೆರೆಯುವವರಲ್ಲ.

ಕಥೆ, ಕಾದಂಬರಿ ಬರೆಯುವವರಿಗೆ ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಪ್ರತಿಲಿಪಿ ಎಂಬ ವೇದಿಕೆ ಇದೆ. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಓದುಗರು ಅಲ್ಲಿ ಮೊದಲೇ ನೆರೆದಿದ್ದಾರೆ. ಧಾರಾವಾಹಿ ಬರೆಯುವ ಗೃಹಿಣಿಯರು ಅನೇಕರು ಅಲ್ಲಿಯೇ ಓದುಗರನ್ನು ಕಂಡುಕೊಂಡಿದ್ದಾರೆ. ಆದರೆ ಅದು ಛತ್ರವೇ ಹೊರತು ಮನೆಯಲ್ಲ. ಫೇಸ್‌ಬುಕ್ಕಿನ ಮಾತಂತೂ ಬೇರೆಯೇ. ಅಲ್ಲಿ ಮೆಚ್ಚುಗೆಗಳು ಬೇಗ ಬರುತ್ತವೆ, ಬರಹವು ಅಷ್ಟೇ ಬೇಗ ಮುಳುಗುತ್ತದೆ. ಕಳೆದ ವರ್ಷ ಬರೆದುದನ್ನು ಹುಡುಕಲು ಹೋದವರಿಗೆ ಅದು ಗೊತ್ತು. ಬರಹವನ್ನು ಬ್ಲಾಗಿನಲ್ಲಿಟ್ಟು ಕೊಂಡಿಯನ್ನು ಮಾತ್ರ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ ಹಂಚುವುದು ಉತ್ತಮ ಮಾರ್ಗ.

ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿ ಬಂದುದು 2005ರ ನಂತರದ ಕೆಲವು ವರ್ಷಗಳಲ್ಲಿ. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಆರಂಭಿಸಿದ 'ಸಂಪದ'ವು ನೂರಾರು ಹೊಸ ಬರಹಗಾರರಿಗೆ ಜಗಲಿಯಾಯಿತು. ಜಿ.ಎನ್. ಮೋಹನ್ ಅವರ 'ಅವಧಿ'ಯೂ ಅದೇ ಕಾಲಘಟ್ಟದ್ದು. ಮುಂದೆ ಫೇಸ್‌ಬುಕ್ಕಿನ ಸೆಳೆತಕ್ಕೆ ಸಿಕ್ಕಿ ಎಷ್ಟೋ ಬ್ಲಾಗುಗಳು ಅರ್ಧದಲ್ಲಿ ನಿಂತವು. ಆದರೂ ಅಂದು ಬ್ಲಾಗ್‌ಸ್ಪಾಟಿನಲ್ಲಿ ಬರೆದು ಬಿಟ್ಟವರ ಪುಟಗಳನ್ನು ಇಂದಿಗೂ ಓದಬಹುದಾಗಿದೆ. ಅದೇ ಕಾಲದ ಆರ್ಕುಟ್ ಬರಹಗಳು ಎಲ್ಲಿವೆ?

ಕನ್ನಡ ಅಕ್ಷರಗಳ ಗೋಳು

ಇಂಗ್ಲಿಷಿನಲ್ಲಿ ಬ್ಲಾಗಿನ ಬಗೆಗೆ ಬರೆಯುವವರು ಎಂದೂ ಪ್ರಸ್ತಾಪಿಸದ, ಆದರೆ ಕನ್ನಡಿಗರಿಗೆ ಬಹುಮುಖ್ಯವಾದ ಕೆಲವು ಸಂಗತಿಗಳಿವೆ.

ನಮ್ಮಲ್ಲಿ ಅನೇಕರ ಬಳಿ ಹಿಂದೆ ಬರಹ ಅಥವಾ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ ಕಡತಗಳಿವೆ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಿತು. ನುಡಿಯನ್ನು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿತು. ಇವೆರಡರ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಕನ್ನಡದ ಅಕ್ಷರವು ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಚಿಹ್ನೆಯಾಗಿಯೇ ಕುಳಿತಿರುತ್ತಿತ್ತು. ಕನ್ನಡದ ಅಚ್ಚು ಮೇಲೆ ಹೊದಿಸಿದಾಗ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಅಂಥ ಕಡತದಿಂದ ನಕಲು ಮಾಡಿ ಬ್ಲಾಗಿನಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ ಕಾಣುತ್ತದೆ. ಕಡತ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು, ಅಷ್ಟೇ. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ನಿಶ್ಚಿತ ಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತು. ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತಿಸಿದ ನಂತರ ಅರ್ಕಾವೊತ್ತು, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಒಮ್ಮೆ ಕಣ್ಣಾಡಿಸುವುದು ಅವಶ್ಯ.

ಹೊಸದಾಗಿ ಬೆರಳಚ್ಚು ಕಲಿಯಲು ಬೇಸರಪಡುವ ಹಿರಿಯರು ಮೊಬೈಲಿನ ಕೀಲಿಮಣೆಯಲ್ಲಿರುವ ಧ್ವನಿಗ್ರಾಹಕದ ಗುರುತನ್ನು ಒತ್ತಿ ಮಾತನಾಡಬಹುದು. ಗೂಗಲ್‌ನವರು 2017ರಿಂದ ಕನ್ನಡಕ್ಕೂ ಈ ಸೌಲಭ್ಯ ಕೊಟ್ಟಿದ್ದಾರೆ. ಗ್ರಂಥಸ್ಥ ಭಾಷೆಯನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ, ಧಾರವಾಡದ ಆಡುಮಾತಿಗೆ ಕೆಲವೊಮ್ಮೆ ಕಕ್ಕಾಬಿಕ್ಕಿಯಾಗುತ್ತದೆ. ತಿದ್ದುವ ಕೆಲಸ ಮೊಮ್ಮಕ್ಕಳಿಗಿರಲಿ.

ವಿಳಾಸದ ವಿಷಯವೂ ಸೂಕ್ಷ್ಮವಾದದ್ದು. ಬ್ಲಾಗರ್‌ನಲ್ಲಿ ಲೇಖನದ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದರೆ, ವಿಳಾಸ ರಚಿಸುವಾಗ ಅದು ಕನ್ನಡ ಅಕ್ಷರಗಳನ್ನು ಕೈಬಿಡುತ್ತದೆ. ಆಗ ಪ್ರತಿ ಲೇಖನದ ವಿಳಾಸವೂ 'ಬ್ಲಾಗ್ ಪೋಸ್ಟ್' ಎಂಬ ಇಂಗ್ಲಿಷ್ ಪದ, ಅದರ ಮುಂದೊಂದು ಸಂಖ್ಯೆ ಎಂದಷ್ಟೇ ಆಗುತ್ತದೆ. ವರ್ಡ್‌ಪ್ರೆಸ್ ಹಾಗೆ ಮಾಡದೆ ಕನ್ನಡವನ್ನು ಉಳಿಸಿಕೊಳ್ಳುತ್ತದೆ. ಆದರೆ ಆ ವಿಳಾಸವನ್ನು ನಕಲು ಮಾಡಿ ಯಾರಿಗಾದರೂ ಕಳುಹಿಸಿದರೆ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತುಗಳಿಂದ ಕೂಡಿದ ಒಂಬತ್ತು ಅಕ್ಷರಗಳಾಗಿ ಹಿಗ್ಗಿ, ಕೊಂಡಿಯು ಎರಡು ಮೂರು ಸಾಲುಗಳಷ್ಟು ಉದ್ದವಾಗುತ್ತದೆ. ಎರಡಕ್ಕೂ ಪರಿಹಾರ ಒಂದೇ. ಪ್ರಕಟಿಸುವ ಮೊದಲು ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದಗಳನ್ನು ನಾವೇ ಬರೆಯಬೇಕು. ಪ್ರಕಟವಾದ ಮೇಲೆ ಬದಲಿಸಿದರೆ ಮೊದಲು ಹಂಚಿದ ಕೊಂಡಿಗಳು ನಿಷ್ಫಲವಾಗುವ ಸಂಭವವುಂಟು.

ಹೆಸರು, ಕೀಲಿಕೈ, ವಾರಸುದಾರ

ಇಡೀ ವಿಷಯದಲ್ಲಿ ನಾವು ಬಹಳ ಮಹತ್ವದ್ದೆಂದು ಭಾವಿಸಿರುವುದು ಇದು.

ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ಎಂಬ ವಿಳಾಸವು ಗೂಗಲ್‌ನವರದು. ಅದರ ಬದಲು ನಮ್ಮದೇ ಆದ ವಿಳಾಸವನ್ನು ಕೊಳ್ಳಬಹುದು. ಇದಕ್ಕೆ ಡೊಮೇನ್ ಎನ್ನುತ್ತಾರೆ. ಭಾರತದ ಗುರುತಾದ 'ಡಾಟ್ ಇನ್' ಕೊನೆಯುಳ್ಳ ಹೆಸರುಗಳು ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತವೆ. ಬ್ಲಾಗರ್‌ನಲ್ಲಿ ಈ ಸ್ವಂತ ಹೆಸರನ್ನು ಜೋಡಿಸಲು ಬೇರೆ ಹಣ ತೆರಬೇಕಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಅದಕ್ಕೆ ಹಣದ ಯೋಜನೆಯನ್ನೇ ಕೊಳ್ಳಬೇಕು. ಸ್ವಂತ ಹೆಸರಿದ್ದರೆ, ನಾಳೆ ಬ್ಲಾಗರ್ ಮುಚ್ಚಿದರೂ ಬರಹಗಳನ್ನು ಬೇರೆಡೆಗೆ ಒಯ್ದು ಅದೇ ಹೆಸರನ್ನು ಅಲ್ಲಿಗೆ ತಿರುಗಿಸಬಹುದು. ಓದುಗರಿಗೆ ಮನೆ ಬದಲಾದದ್ದು ತಿಳಿಯುವುದೂ ಇಲ್ಲ. ಬ್ಲಾಗರ್ ಮತ್ತು ಸ್ವಂತ ಡೊಮೇನ್, ಈ ಜೋಡಿಯೇ ಸಾಧಾರಣ ಕುಟುಂಬಕ್ಕೆ ಎಲ್ಲಕ್ಕಿಂತ ಲೇಸೆಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ವರ್ಷವರ್ಷವೂ ನವೀಕರಿಸಬೇಕು. ಮರೆತರೆ ಆ ಹೆಸರನ್ನು ಬೇರೆಯವರು ಕೊಂಡು ಅಲ್ಲಿ ಏನನ್ನಾದರೂ ತೋರಿಸಬಹುದು. ಹಾಗೆಯೇ ಡೊಮೇನನ್ನು ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ನೋಂದಾಯಿಸದೆ ಬರೆಯುವವರ ಹೆಸರಿನಲ್ಲಿಯೇ ನೋಂದಾಯಿಸಬೇಕು.

ನಮಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಭಾಗದ ಜನಪದ ಹಾಡುಗಳ ಹಿನ್ನೆಲೆಯನ್ನು ಆರೇಳು ವರ್ಷ ಬ್ಲಾಗಿನಲ್ಲಿ ಬರೆದರು. ಬ್ಲಾಗು ಅವರದೇ ಖಾತೆಯಲ್ಲಿತ್ತು, ಗುಪ್ತಪದ ಅವರ ನೆನಪಿನಲ್ಲಿ ಮಾತ್ರ ಇತ್ತು. ಅವರು ಲಿಂಗೈಕ್ಯರಾದ ಮೇಲೆ ಮಕ್ಕಳಿಗೆ ಬರಹಗಳು ಕಾಣುತ್ತಿದ್ದವು, ಆದರೆ ಒಂದು ಅಕ್ಷರದ ತಪ್ಪನ್ನೂ ತಿದ್ದುವಂತಿರಲಿಲ್ಲ. ಪುಸ್ತಕ ಮಾಡಿಸಬೇಕೆಂದಾಗ ಒಂದೊಂದೇ ಪುಟವನ್ನು ಕೈಯಿಂದ ನಕಲು ಮಾಡಿಕೊಳ್ಳಬೇಕಾಯಿತು. ಅವರು ಅಷ್ಟನ್ನಾದರೂ ಮಾಡಿಕೊಂಡರು. ಏಕೆಂದರೆ ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಿಹಾಕಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ.

ಇದಕ್ಕೆ ಮುಂಜಾಗ್ರತೆಯೂ ಅಲ್ಲಿಯೇ ಇದೆ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ, ಖಾತೆಯು ಇಂತಿಷ್ಟು ತಿಂಗಳು ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಯಾವ ಯಾವ ಸಂಗತಿಗಳನ್ನು ಅವರು ಪಡೆಯಬಹುದು ಎಂಬುದನ್ನು ಮೊದಲೇ ನಮೂದಿಸಿಡುವ ವ್ಯವಸ್ಥೆಯನ್ನು 2013ರಿಂದಲೇ ಕೊಟ್ಟಿದ್ದಾರೆ. ಹೊಲಮನೆಗೆ ವಾರಸುದಾರರನ್ನು ಬರೆಸುವ ನಾವು ಬರಹಕ್ಕೂ ಒಬ್ಬರ ಹೆಸರನ್ನು ಅಲ್ಲಿ ಬರೆಯಬೇಕು. ಇನ್ನೂ ಸುಲಭದ ದಾರಿಯೆಂದರೆ, ಬ್ಲಾಗ್ ತೆರೆದ ದಿನವೇ ಮನೆಯ ಮತ್ತೊಬ್ಬರನ್ನು ನಿರ್ವಾಹಕರನ್ನಾಗಿ ಸೇರಿಸಿಬಿಡುವುದು. ಮಗಳೋ ಸೊಸೆಯೋ ಯಾರಾದರೂ ಸರಿ, ಬರಹದಲ್ಲಿ ಆಸಕ್ತಿಯುಳ್ಳವರಾಗಿರಲಿ.

ಏನನ್ನು ಹಾಕಬಹುದು, ಏನನ್ನು ಹಾಕಬಾರದು?

ಸ್ವಂತ ಬರಹಕ್ಕೆ ಅಡ್ಡಿಯಿಲ್ಲ. ಬೇರೆಯವರ ಬರಹವನ್ನು ಹಾಕುವವರು 1957ರ ಕೃತಿಸ್ವಾಮ್ಯ ಕಾಯಿದೆಯನ್ನು ನೆನಪಿನಲ್ಲಿಡಬೇಕು. ಲೇಖಕರ ಜೀವಿತಕಾಲ ಮತ್ತು ಅವರು ತೀರಿಕೊಂಡ ವರ್ಷದ ನಂತರ 60 ವರ್ಷಗಳವರೆಗೆ ಹಕ್ಕು ಅವರದು, ಅವರ ವಾರಸುದಾರರದು. ಹನ್ನೆರಡನೆಯ ಶತಮಾನದ ವಚನಗಳು ಯಾರ ಆಸ್ತಿಯೂ ಅಲ್ಲ. ಆದರೆ ಈಚಿನ ವಿದ್ವಾಂಸರು ಬರೆದ ವ್ಯಾಖ್ಯಾನ, ಮುನ್ನುಡಿ, ಟಿಪ್ಪಣಿಗಳು ಹಾಗಲ್ಲ. 1964ರಲ್ಲಿ ತೀರಿಕೊಂಡ ಹಳಕಟ್ಟಿಯವರು ತಮ್ಮ ಜೀವಿತದಲ್ಲಿ ಪ್ರಕಟಿಸಿದ ಬರಹಗಳು 2025ರ ಜನವರಿಯಿಂದ ಸಾರ್ವಜನಿಕವಾಗಿವೆ. ಅವರ ನಂತರದ ತಲೆಮಾರಿನ ಬಹುಪಾಲು ಲೇಖಕರ ಪುಸ್ತಕಗಳನ್ನು ಅನುಮತಿಯಿಲ್ಲದೆ ಬೆರಳಚ್ಚು ಮಾಡಿ ಹಾಕುವಂತಿಲ್ಲ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ. ಗೂಗಲ್ ಚಿತ್ರಗಳಲ್ಲಿ ಕಂಡ ಫೋಟೋ ಎತ್ತಿ ಹಾಕುವುದೂ ತರವಲ್ಲ. ನಿಮ್ಮ ಮೊಬೈಲಿನಲ್ಲಿ ತೆಗೆದ ಊರಿನ ಕೆರೆಯ ಚಿತ್ರವೇ ಚೆನ್ನ. ಮಕ್ಕಳ ಶಾಲೆಯ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ ಇವುಗಳನ್ನು ಬಹಿರಂಗ ಬ್ಲಾಗಿನಲ್ಲಿ ಹಾಕದಿರುವುದು ಕ್ಷೇಮ.

ಬ್ಲಾಗಿನಿಂದ ಸಂಪಾದನೆಯಾದೀತೇ ಎಂಬುದು ತರುಣರ ಪ್ರಶ್ನೆ. ಕನ್ನಡದ ಮನೆಮಾತಿನ ಬರಹಗಳಿಂದ ಡೊಮೇನಿನ ಖರ್ಚು ಹೊರಟರೆ ದೊಡ್ಡದು. ಅದನ್ನೇ ಗುರಿಯಾಗಿಟ್ಟುಕೊಂಡವರು ಬೇರೆ ವಿದ್ಯೆ ಕಲಿಯಬೇಕು.

ಪ್ರತಿ ಹಬ್ಬಕ್ಕೊಮ್ಮೆ

ಯಾವ ವೇದಿಕೆಯನ್ನೇ ಆರಿಸಿ, ಬರಹಗಳ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನು ಮರೆಯುವಂತಿಲ್ಲ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಎಂದಿದೆ, ವರ್ಡ್‌ಪ್ರೆಸ್‌ನಲ್ಲಿ ಎಕ್ಸ್‌ಪೋರ್ಟ್ ಎಂದಿದೆ. ಒತ್ತಿದರೆ ಎಲ್ಲ ಬರಹಗಳೂ ಕಡತವಾಗಿ ಇಳಿಯುತ್ತವೆ. ಆ ಕಡತದಲ್ಲಿ ಅಕ್ಷರಗಳಿರುತ್ತವೆ, ಚಿತ್ರಗಳ ವಿಳಾಸವಷ್ಟೇ ಇರುತ್ತದೆ. ಆದ್ದರಿಂದ ಚಿತ್ರಗಳನ್ನು ಬೇರೆಯಾಗಿ ಒಂದು ಕಡೆ ಕೂಡಿಡಬೇಕು. ತಾರೀಖು ನೆನಪಿಡುವುದು ಕಷ್ಟವೆನ್ನುವವರು ಯುಗಾದಿ, ಬಸವ ಜಯಂತಿ, ದೀಪಾವಳಿ ಹೀಗೆ ಹಬ್ಬಕ್ಕೊಮ್ಮೆ ಎಂದು ಇಟ್ಟುಕೊಳ್ಳಬಹುದು. ಒಂದು ಪ್ರತಿ ಮನೆಯ ಪೆನ್‌ಡ್ರೈವಿನಲ್ಲಿ, ಮತ್ತೊಂದು ಬೇರೆ ಊರಿನಲ್ಲಿರುವ ಮಗನ ಅಥವಾ ಮಗಳ ಕಂಪ್ಯೂಟರಿನಲ್ಲಿ ಇರಲಿ. ಮೊದಲ ನೋಟುಪುಸ್ತಕವನ್ನೂ ಎಸೆಯಬೇಡಿ. ಬೇವಿನ ಎಲೆ ಹಾಕಿ, ಬಟ್ಟೆ ಸುತ್ತಿ, ಗೋಡೆಯ ತಂಪು ತಾಗದ ಕಪಾಟಿನಲ್ಲಿಡಿ.